ಕೋಳಿಯ ಕಾಲು ಹಿಡಿದ ಹೊನ್ನೂರಪ್ಪ

ಎರೆಬಾವಿ ಎಂಬ ಊರಿನ ಮೂಡಲಿಗೆ ಬಂಡೆಗಳೇ ಒಂದರ ಮೇಲೊಂದು ಕೂತು ಗುಡ್ಡವಾದ ಜಾಗವಿದೆ. ಅದರ ಬುಡದಲ್ಲಿ ಪೂಜ್ಯ ಜಂಬಯ್ಯ ತಾತನವರು ವಾಸವಾಗಿದ್ದ ಕಾಲದಲ್ಲಿ ಅಲ್ಲಿ ಮಠವಿರಲಿಲ್ಲ, ಗಂಟೆಯೂ ಇರಲಿಲ್ಲ. ಒಂದು ಹುಲ್ಲಿನ ಗುಡಿಸಲು, ಮುಂದೊಂದು ಚಪ್ಪರ, ಪಕ್ಕದಲ್ಲಿ ಆಕಳು ಕಟ್ಟುವ ಕೊಟ್ಟಿಗೆ, ಇಷ್ಟೇ. ತಾತನವರು ಹಗಲೆಲ್ಲ ಚಪ್ಪರದ ಕೆಳಗೆ ಕುಳಿತು ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದರು. ಬಂದವರು ತಮ್ಮ ಸಂಕಟ ಹೇಳಿಕೊಳ್ಳುವರು, ಅವರು ಹೊಸೆಯುತ್ತ ಕೇಳುವರು. ಮಾತಿನಲ್ಲಿ ಮಾತ್ರ ಮಹಾ ಜಿಪುಣರು. ಅವರ ಬಾಯಿಂದ ಒಂದು ಮಾತು ಹೊರಟಿತೆಂದರೆ ಅಂದು ಯಾರದೋ ಪುಣ್ಯ ಚೆನ್ನಾಗಿದೆ ಎಂದು ಭಕ್ತರು ತಮ್ಮತಮ್ಮಲ್ಲೇ ನಗುವುದಿತ್ತು.

ಒಂದು ಬೇಸಿಗೆಯ ಮುಂಜಾನೆ ಹುಲಿಗೆವ್ವ ಎಂಬ ಹೆಣ್ಣುಮಗಳು ತಲೆಯ ಮೇಲೆ ಬುಟ್ಟಿ ಹೊತ್ತು ಆ ಚಪ್ಪರಕ್ಕೆ ಬಂದಳು. ಬುಟ್ಟಿಯ ತುಂಬ ಕೋಳಿಗಳು. ಒಂದೇ ಕೈಯಿಂದ ಅದನ್ನು ಇಳಿಸಿದಳು. ಇನ್ನೊಂದು ಕೈಯ ಮಣಿಕಟ್ಟು ಊದಿಕೊಂಡಿತ್ತು.

“ತಾತ, ನಾ ಇಲ್ಲೇ ಇರ್ತೀನಿ” ಎಂದಳು.

ತಾತನವರು ಆ ಮಣಿಕಟ್ಟನ್ನು ನೋಡಿದರು. ಯಾರು, ಏನು, ಯಾಕೆ ಎಂದು ಕೇಳಲಿಲ್ಲ. “ಇರವ್ವ” ಎಂದು ಎದ್ದು ಹೋಗಿ ಕೊಟ್ಟಿಗೆಯ ಒಂದು ಮಗ್ಗುಲನ್ನು ತಾವೇ ಗುಡಿಸಿ ಕೊಟ್ಟರು. ಕೋಳಿಗಳು ಅಂಗಳದಲ್ಲಿ ಕೆದರತೊಡಗಿದವು. ಮಹಾತ್ಮರ ಅಂಗಳದಲ್ಲಿ ಕೋಳಿಯೇ ಎಂದು ಕೆಲವರು ಮೂಗು ಮುರಿದರು. ತಾತನವರು ಕೇಳಿಸದವರಂತೆ ಹಗ್ಗ ಹೊಸೆದರು.

ಹುಲಿಗೆವ್ವನ ಗಂಡ ಹೊನ್ನೂರಪ್ಪ ಎತ್ತುಗಳಿಗೆ ಲಾಳ ಕಟ್ಟುವವನು. ಸುತ್ತಲಿನ ಊರುಗಳಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಎಂಥ ಹಾಯುವ ಎತ್ತನ್ನೂ ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಜೋಡಿಸಿ ಕಟ್ಟಿ, ಅದು ಸುಧಾರಿಸಿಕೊಳ್ಳುವುದರೊಳಗೆ ಮೊಳೆ ಬಡಿದು ಮುಗಿಸುತ್ತಿದ್ದ. ಕೆಲಸ ಮುಗಿದರೆ ಗರಡಿಮನೆಯ ಜಗಲಿ. ಅಲ್ಲಿ ಕೂಡುವವರಿಗೆ ಅವನನ್ನು ಕೆಣಕುವುದೇ ಆಟ. “ಎತ್ತು ಕೆಡವತೀಯಪ್ಪ, ಮನ್ಯಾಗ ಹೆಂಡ್ತಿ ಮುಂದ ಬಾಲ ಮುದುರತಿ” ಎನ್ನುವರು. ಹೊನ್ನೂರಪ್ಪನ ಕಿವಿ ಕಾಯುತ್ತಿತ್ತು. ಮನೆ ಮುಟ್ಟುವಷ್ಟರಲ್ಲಿ ಆ ಕಾವು ಕೈಗೆ ಇಳಿದಿರುತ್ತಿತ್ತು. ಸಾರಿಗೆ ಉಪ್ಪು ಕಡಿಮೆಯಾದದ್ದೂ ಅವನಿಗೆ ಸಾಕಾದ ನೆಪ. ಮರುದಿನ ಬೆಳಗಾದರೆ ಅವಳ ಎರಡೂ ಕಾಲು ಹಿಡಿದು, ಇನ್ನೊಮ್ಮೆ ಹಿಂಗ ಮಾಡಂಗಿಲ್ಲ ಎಂದು ಅಳುತ್ತಿದ್ದ. ಆ ಅಳು ಸುಳ್ಳಲ್ಲ, ಅದನ್ನೂ ಹೇಳಬೇಕು. ಆದರೆ ಸಂಜೆಯಾದರೆ ಮತ್ತೆ ಜಗಲಿ, ಮತ್ತೆ ಅದೇ ಕಥೆ. ಈ ಸಲ ಅವನು ಕಾಲು ಹಿಡಿದಾಗ ಹುಲಿಗೆವ್ವ ಕಾಲು ಬಿಡಿಸಿಕೊಂಡು, ಕೋಳಿಗಳನ್ನು ಬುಟ್ಟಿಗೆ ತುಂಬಿಕೊಂಡು ಹೊರಟುಬಿಟ್ಟಿದ್ದಳು.

ಅವಳು ಎಲ್ಲಿದ್ದಾಳೆಂದು ತಿಳಿದಾಗ ಹೊನ್ನೂರಪ್ಪನಿಗೆ ಅರ್ಧ ನಿರಾಳವೇ ಆಯಿತು. ಸಾಧುಗಳಲ್ಲಿ ಅವನಿಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಕಾಲಿಗೆ ಬಿದ್ದವರನ್ನು ಕಂಡರೆ ಕರಗುವ ಜನ ಎಂದು ಅವನ ಎಣಿಕೆ. ಮುದುಕನ ಕಾಲಿಗೆ ಬಿದ್ದರೆ ಆತ ‘ಹೋಗವ್ವ ಗಂಡನ ಮನಿಗೆ’ ಎನ್ನುತ್ತಾನೆ, ಆತನ ಮಾತನ್ನು ಇವಳು ಮೀರುವುದಿಲ್ಲ, ಸಂಜೆಯೊಳಗೆ ಮನೆಯಲ್ಲಿ ಒಲೆ ಹೊತ್ತುತ್ತದೆ. ಹೀಗೆ ಲೆಕ್ಕ ಹಾಕಿಕೊಂಡೇ ಬಂದ. ಬಂದವನು ಚಪ್ಪರದ ಕೆಳಗೆ ಅಡ್ಡಬಿದ್ದು ತಾತನವರ ಪಾದಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. “ತಪ್ಪಾತು ತಾತ, ಆಕಿನ್ನ ಕಳಿಸ್ರಿ” ಎಂದು ಗೋಳಾಡಿದ.

ತಾತನವರು ಪಾದಗಳನ್ನು ಹಿಂದಕ್ಕೆ ಎಳೆದುಕೊಂಡರು. “ನಿನಗ ಕಾಲು ಹಿಡಿಯಾಕ ಬರಂಗಿಲ್ಲ” ಎಂದರು.

ಹೊನ್ನೂರಪ್ಪ ತಲೆ ಎತ್ತಿದ. “ಕಾಲು ಹಿಡಿಯೋದ ನನ್ನ ಕಸುಬು, ತಾತ. ದಿನಾ ಎತ್ತಿನ ಕಾಲು ಹಿಡೀತೀನಿ.”

“ಕೆಡವಿ ಹಿಡೀತಿ.”

ಅಷ್ಟು ಹೇಳಿ ತಾತನವರು ಅಂಗಳದತ್ತ ಕೈ ತೋರಿಸಿದರು. ಅಲ್ಲೊಂದು ಕೆಂಪು ಹೇಂಟೆ ಕುಂಟುತ್ತ ಮೇಯುತ್ತಿತ್ತು. “ಅದರ ಕಾಲು ಹಿಡಿ. ವಾಸಿ ಆಗಲಿ. ಆಮ್ಯಾಲ ನನ್ನ ಕೇಳಬ್ಯಾಡ, ಆಕಿನ್ನ ಕೇಳು.”

ಹೊನ್ನೂರಪ್ಪ ಆ ಹೇಂಟೆಯ ಕಾಲನ್ನು ಮೊದಲ ಬಾರಿಗೆ ನೋಡಿದ್ದು ಆಗಲೇ. ಅವನ ಹಿತ್ತಿಲಿನ ಗೂಡಿನಲ್ಲೇ ಬೆಳೆದ ಕೋಳಿ ಅದು, ಆದರೂ ಕಾಲು ನೋಡಿರಲಿಲ್ಲ. ನುಣುಪಾಗಿ ಹಳದಿಯಾಗಿರಬೇಕಾದ ಕಾಲಿನ ಮೇಲೆ ಬೂದು ಬಣ್ಣದ ಹೊಪ್ಪಳೆ ಗಟ್ಟಿ ಸುಣ್ಣದ ಗಾರೆಯಂತೆ ಹತ್ತಿಕೊಂಡಿತ್ತು. ಚಿಪ್ಪುಗಳು ಎದ್ದು ನಿಂತು ಬೆರಳುಗಳು ಸೊಟ್ಟಗಾಗಿದ್ದವು. ಉಳಿದವುಗಳ ಕಾಲಿಗೂ ಅದೇ ಕಜ್ಜಿ ಏರುತ್ತಿತ್ತು. ಇಷ್ಟೇ ತಾನೆ, ಒಂದು ದಿನದ ಕೆಲಸ ಎಂದುಕೊಂಡ. ಹೇಂಟೆಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದ. ಕಾಲುಗಳನ್ನು ದಾರದಿಂದ ಜೋಡಿಸಿ ಕಟ್ಟಿದ. ಗೊರಸು ಕೆತ್ತುವ ಬಾಚಿಯನ್ನು ಸೊಂಟದಿಂದ ತೆಗೆದು ಹೊಪ್ಪಳೆಯನ್ನು ಎಬ್ಬಿಸಿದ. ಹೊಪ್ಪಳೆಯೊಂದಿಗೆ ಚರ್ಮವೂ ಕಿತ್ತು ಬಂದು ರಕ್ತ ಸುರಿಯಿತು. ಹೇಂಟೆ ಒಮ್ಮೆ ಕೂಗಿ, ಆಮೇಲೆ ಕೂಗುವುದನ್ನೂ ಬಿಟ್ಟು ಕಣ್ಣು ಮುಚ್ಚಿಕೊಂಡಿತು.

ತಾತನವರು ಹಗ್ಗ ಕೆಳಗಿಟ್ಟು ಎದ್ದು ಬಂದರು. ಬೈಯಲಿಲ್ಲ. ಕಟ್ಟು ಬಿಚ್ಚಿ, ತಾವು ಹೊದ್ದ ವಸ್ತ್ರದ ಅಂಚಿನಿಂದ ರಕ್ತ ಒರೆಸಿ, ಹೇಂಟೆಯನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಸೋಮವಾರಗಳಂದು ತಮ್ಮ ಪಾದಪೂಜೆಗೆ ಭಕ್ತರು ಬಳಸುತ್ತಿದ್ದ ಹಿತ್ತಾಳೆಯ ಪರಾತವನ್ನು ತರಿಸಿದರು. ಅದರಲ್ಲಿ ಉಗುರುಬೆಚ್ಚಗಿನ ನೀರು ಹುಯ್ದು, ಅಂಟುವಾಳದ ನೊರೆ ಕಲಸಿ, ಆ ಕುಂಟು ಕಾಲುಗಳನ್ನು ಅದರಲ್ಲಿ ಇಳಿಬಿಟ್ಟರು. ನೋಡುತ್ತಿದ್ದ ಭಕ್ತರು ಕೈಜೋಡಿಸಬೇಕೋ ಬಾಯಿಮುಚ್ಚಬೇಕೋ ತಿಳಿಯದೆ ನಿಂತುಬಿಟ್ಟರು. ಕೋಳಿ ಮೊದಲು ಒದ್ದಾಡಿತು. ತಾತನವರು ಬಿಗಿಯಾಗಿ ಹಿಡಿಯಲಿಲ್ಲ, ಬಿಡಲೂ ಇಲ್ಲ. ಹೊಪ್ಪಳೆ ಮೆತ್ತಗಾಗುವವರೆಗೆ ಹಾಗೇ ಕುಳಿತರು. ಆಮೇಲೆ ಹಳೆಯ ಬಟ್ಟೆಯಿಂದ ತೇವ ಒತ್ತಿ ತೆಗೆದು, ಬೇವಿನೆಣ್ಣೆಗೆ ಹರಳೆಣ್ಣೆ ಬೆರೆಸಿ, ಪ್ರತಿ ಚಿಪ್ಪಿನ ಸಂದಿಗೂ ಇಳಿಯುವಂತೆ ಹಚ್ಚಿದರು.

“ಚಿಪ್ಪಿನ ಬುಡಕ ನುಸಿ ಐತಿ. ಕಣ್ಣಿಗೆ ಕಾಣಂಗಿಲ್ಲ. ಎಣ್ಣ್ಯಾಗ ಉಸಿರುಕಟ್ಟಿ ಸಾಯ್ತೈತಿ. ಕೀಳಬ್ಯಾಡ. ತಾನ ಉದುರತೈತಿ” ಎಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಿಂದ ಆ ವರ್ಷ ಅದುವರೆಗೆ ಯಾರೂ ಕೇಳಿರಲಿಲ್ಲ.

ಹೊನ್ನೂರಪ್ಪ ಉಳಿದ. ಅವಮಾನವಾಗಿತ್ತು, ಸಿಟ್ಟೂ ಬಂದಿತ್ತು, ಆದರೆ ಹೆಂಡತಿಯಿಲ್ಲದ ಮನೆಗೆ ಒಬ್ಬನೇ ಹೋಗುವ ಮನಸ್ಸಿರಲಿಲ್ಲ. ಬಂಡೆಯ ನೆರಳಲ್ಲಿ ಮಲಗಿದ. ನೀರು ಕಾಯಿಸಿದ, ಅಂಟುವಾಳ ಕುಟ್ಟಿದ, ಕೋಳಿಗಳನ್ನು ಒಂದೊಂದಾಗಿ ತೊಡೆಗೆ ಏರಿಸಿಕೊಂಡ. ಹುಲಿಗೆವ್ವ ಕೊಟ್ಟಿಗೆಯ ಕಡೆಯಿಂದ ನೋಡುತ್ತಿದ್ದಳು. ಅವನಿಗೆ ದೊಡ್ಡ ತೊಡಕಾದದ್ದು ಕೋಳಿಗಳೇ. ಯಾರು ಹೋದರೂ ಕಾಲಲ್ಲಿ ಸುಳಿಯುವ ಕೋಳಿಗಳು ಇವನು ತಲೆ ಕೆರೆದುಕೊಳ್ಳಲು ಕೈ ಎತ್ತಿದರೂ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಇವಕ್ಕೇನು ಬಂತು ರೋಗ ಎಂದು ಅವನು ಗೊಣಗುತ್ತಿದ್ದ.

ಒಂದು ದಿನ ಹೊನ್ನೂರಪ್ಪ ಚಪ್ಪರದ ಗಳುವಿಗೆ ತೂಗುಹಾಕಿದ್ದ ಎಣ್ಣೆಯ ಸೀಸೆಯನ್ನು ತೆಗೆಯಲು ಗಕ್ಕನೆ ಕೈ ಮೇಲೆತ್ತಿದ. ಅದೇ ಹೊತ್ತಿಗೆ ಹುಲಿಗೆವ್ವ ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡು ಅವನ ಹಿಂದಿನಿಂದ ಹಾದುಹೋಗುತ್ತಿದ್ದಳು. ಎತ್ತಿದ ಕೈ ಕಂಡದ್ದೇ ತಡ, ಅವಳು ತಲೆಯ ಮೇಲೆ ಎರಡೂ ತೋಳು ಅಡ್ಡ ಹಿಡಿದು ಕುಸಿದು ಕುಳಿತಳು. ಕೊಡ ಬಿದ್ದು ಒಡೆಯಿತು. ನೀರು ಅವನ ಕಾಲಿನವರೆಗೆ ಹರಿದು ಬಂತು.

“ಎಣ್ಣಿ... ಎಣ್ಣಿ ತಗೋಳಾಕ ಎತ್ತಿದೆ” ಎಂದ ಹೊನ್ನೂರಪ್ಪ.

ಹುಲಿಗೆವ್ವ ಒಡೆದ ಕೊಡದ ಬೋಕಿ ಆಯತೊಡಗಿದಳು. ಹಳೆಯ ರೂಢಿಯಂತೆ ಅವನ ದೇಹ ಮುಂದಕ್ಕೆ ಬಾಗಿತು. ಈಗಲೇ ಹೋಗಿ ಅವಳ ಕಾಲು ಹಿಡಿಯಬೇಕು, ಅಳಬೇಕು. ಆದರೆ ಅಂದು ಆಗಲಿಲ್ಲ. ತಾತನವರು ಹೇಳಿದ ‘ಕೆಡವಿ ಹಿಡೀತಿ’ ಎಂಬ ಆ ಒಂದು ಮಾತು ಅಷ್ಟು ದಿನದ ಮೇಲೆ ಅವನಿಗೆ ಅರ್ಥವಾಯಿತು. ಬೆಳಿಗ್ಗೆ ಅವಳ ಕಾಲು ಹಿಡಿದಾಗಲೆಲ್ಲ ಅವಳು ಎದ್ದು ಹೋಗದಂತೆ ಹಿಡಿದಿದ್ದ. ಸಂಜೆ ಕೆಡವಿ ಬೆಳಿಗ್ಗೆ ಹಿಡಿಯುವುದು, ಎತ್ತಿಗೆ ಮಾಡಿದ್ದನ್ನೇ ಅವಳಿಗೂ ಮಾಡುತ್ತ ಬಂದಿದ್ದ. ಹೊನ್ನೂರಪ್ಪ ಬಂಡೆಯ ಹಿಂದೆ ಹೋಗಿ ಕುಳಿತು ಅತ್ತ. ಯಾರೂ ನೋಡದ ಕಡೆ ಅವನು ಅತ್ತದ್ದು ಅದೇ ಮೊದಲು. ಆ ದುಃಖ ಅವನನ್ನು ಸೀಳಿಹಾಕಿತು. ಮರುದಿನದಿಂದ ಎಣ್ಣೆಯ ಸೀಸೆ ನೆಲದ ಮೇಲಿತ್ತು.

ವಾರಗಳು ಕಳೆದವು. ಹೊಪ್ಪಳೆ ತಾನಾಗಿಯೇ ಸಡಿಲಿ ಉದುರಿತು. ಕೆಳಗೆ ಹೊಸ ಚರ್ಮ ಎಳೆ ಹಳದಿಯಾಗಿ ಕಾಣಿಸಿತು. ಕೆಂಪು ಹೇಂಟೆ ಕುಂಟುವುದನ್ನು ಬಿಟ್ಟಿತು. ಹೊನ್ನೂರಪ್ಪ ಅದನ್ನು ಎತ್ತಿಕೊಂಡು ಹುಲಿಗೆವ್ವನ ಮುಂದೆ ಹೋಗಿ ನಿಂತ. ಕಾಲಿಗೆ ಬೀಳಲಿಲ್ಲ.

“ಕೋಳಿ ವಾಸಿ ಆಗ್ಯಾವು, ಹುಲಿಗೀ. ಮನಿಗೆ ಬರ್ತಿ ಏನು?”

ಹುಲಿಗೆವ್ವ ಹೇಂಟೆಯ ಕಾಲು ತಿರುವಿ ನೋಡಿದಳು. ಬೆರಳು ಬಿಡಿಸಿ ಸಂದಿಗಳನ್ನೂ ನೋಡಿದಳು. “ಇವು ರಾತ್ರಿ ಕುಂಡ್ರೋ ಕೋಲು ಮನ್ಯಾಗ ಹಂಗ ಐತಲ್ಲ” ಎಂದಳು.

ಅವನಿಗೆ ಅದು ಹೊಳೆದಿರಲಿಲ್ಲ. ಅಸಹಾಯಕನಾಗಿ ತಾತನವರ ಕಡೆ ನೋಡಿದ.

“ಹೌದು” ಎಂದರು ತಾತನವರು. “ಕೋಲಿನ ಬಿರುಕಿನಾಗ ನುಸಿ ಕಾದು ಕುಂತಿರತೈತಿ. ಕಾಲು ಎಷ್ಟು ತೊಳದ್ರೂ, ಮತ್ತ ಅಲ್ಲೇ ಕುಂತ್ರ ಮತ್ತ ಹತ್ತತೈತಿ.” ಹೊಸೆಯುತ್ತಿದ್ದ ಕೈ ನಿಂತಿತು. “ನೀ ಸಂಜೀಕ ಎಲ್ಲಿ ಕುಂಡ್ರತಿ, ಹೊನ್ನೂರಪ್ಪ?”

ಮಹಾತ್ಮರು ಕೇಳಿದ್ದು ಅಷ್ಟೇ. ಉತ್ತರವನ್ನು ಬಯಸಲೂ ಇಲ್ಲ, ಮತ್ತೆ ಹಗ್ಗಕ್ಕೆ ಕೈ ಹಚ್ಚಿದರು. ಎಷ್ಟು ಆಣೆ, ಎಷ್ಟು ಪ್ರಮಾಣ, ಎಷ್ಟು ಕಣ್ಣೀರು! ಒಂದೂ ಯಾಕೆ ನಿಲ್ಲಲಿಲ್ಲ ಎಂಬುದು ಅಂದು ಹೊನ್ನೂರಪ್ಪನಿಗೆ ಅಂಗೈ ಗೆರೆಯಷ್ಟು ಸ್ಪಷ್ಟವಾಗಿ ಕಂಡಿತು. ಕೋಳಿಯನ್ನು ಮೆಲ್ಲಗೆ ಇಳಿಸಿ, ತಾತನವರಿಗೆ ದೂರದಿಂದಲೇ ಕೈಮುಗಿದು, ಒಬ್ಬನೇ ಊರ ದಾರಿ ಹಿಡಿದ.

ಮನೆಗೆ ಹೋದವನು ಗೂಡಿನ ಕೋಲನ್ನು ಕಿತ್ತು ಸುಟ್ಟ. ನೆಲದ ಹುಲ್ಲು ಕೆರೆದು ಅದನ್ನೂ ಬೆಂಕಿಗೆ ಹಾಕಿದ. ಗೋಡೆಯ ಸಂದುಗೊಂದಿಗೆ ಕುದಿಯುವ ನೀರು ಹುಯ್ದು ಸುಣ್ಣ ಬಳಿದ, ಹೊಸ ಕೋಲು ಕೆತ್ತಿ ಎಣ್ಣೆ ಸವರಿ ನಿಲ್ಲಿಸಿದ. ಅದು ಸುಲಭವಾಗಿತ್ತು. ಕಷ್ಟವಾದದ್ದು ಸಂಜೆ. ಹೊತ್ತು ಇಳಿಯುತ್ತಿದ್ದಂತೆ ಕಾಲು ತಾನಾಗಿ ಗರಡಿಯ ಕಡೆ ತಿರುಗುತ್ತಿತ್ತು. ಜಗಲಿಯವರು ಮನೆಯವರೆಗೂ ಬಂದು ಕರೆದರು. ಅವನು ಹೊಸ್ತಿಲ ಒಳಗೆ ಕುಳಿತು, ಹಲ್ಲು ಕಚ್ಚಿ, ಬಾರದ ಅಡುಗೆಯನ್ನು ಕಲಿತ.

ಪ್ರತಿ ಸೋಮವಾರ ತಾತನವರಲ್ಲಿಗೆ ಹೋಗುವುದನ್ನು ಬಿಡಲಿಲ್ಲ. ಕೋಳಿಗಳ ಕಾಲಿಗೆ ಎಣ್ಣೆ ಹಚ್ಚಿ, ಕಟ್ಟಿಗೆ ಒಡೆದು ಕೊಟ್ಟು ಹಿಂತಿರುಗುತ್ತಿದ್ದ. ಬರ್ತಿ ಏನು ಎಂದು ಮತ್ತೆ ಕೇಳಲಿಲ್ಲ. ಮಳೆಗಾಲ ಬಂತು, ಹೋಯಿತು. ಜೋಳದ ತೆನೆ ಬಲಿಯುವ ಹೊತ್ತಿಗೆ ಒಂದು ಸೋಮವಾರ ಹುಲಿಗೆವ್ವನೇ ಬಾಯಿಬಿಟ್ಟಳು.

“ಜಗಲಿಗೆ ಹೋಗಂಗಿಲ್ಲ ಅಂತ ಕೇಳ್ದೆ. ಖರೇನ?”

“ನಾ ಹೇಳಿದ್ರ ಏನ್ ಬಂತು” ಎಂದ ಹೊನ್ನೂರಪ್ಪ. “ಬಂದು ನೋಡು. ಸರಿ ಕಾಣದಿದ್ರ ತಿರುಗಿ ಬಾ. ಬುಟ್ಟಿ ನಾನ ಹೊತ್ತು ತಂದು ಬಿಡ್ತೀನಿ.”

ಅವಳು ಕೋಳಿಗಳನ್ನು ಒಂದೊಂದಾಗಿ ಹಿಡಿದು ಬುಟ್ಟಿಗೆ ಹಾಕಿದಳು. ತಾತನವರಿಗೆ ನಮಸ್ಕರಿಸಿದಾಗ ಅವರು ಅವಳ ತಲೆಯ ಮೇಲೆ ಕೈಯಿಟ್ಟು, “ಈ ಗುಡಿಸಲಿಗೆ ಬಾಗಿಲಿಲ್ಲವ್ವ, ನೆನಪಿರಲಿ” ಎಂದರು.

ಊರೊಳಗೆ ಹೋಗುವ ದಾರಿ ಗರಡಿಮನೆಯ ಮುಂದೆಯೇ ಹಾಯುತ್ತದೆ. ಹುಲಿಗೆವ್ವ ಮುಂದೆ, ತಲೆಯ ಮೇಲೆ ಕೋಳಿಬುಟ್ಟಿ ಹೊತ್ತ ಹೊನ್ನೂರಪ್ಪ ಹಿಂದೆ. ಹಾಡೇ ಹಗಲು. ಜಗಲಿಯ ಮೇಲೆ ನಗು ಹೊಮ್ಮಿತು. “ಬಂದಾನ ನೋಡ್ರಲೇ, ಹೆಂಡ್ತಿ ಬೆನ್ನ ಹಿಂದ ಬುಟ್ಟಿ ಹೊತ್ಕೊಂಡು! ಕೋಳಿ ಕಾಲು ಹಿಡದ ಗಂಡಸು!”

ಹುಲಿಗೆವ್ವನ ಹೆಜ್ಜೆ ನಿಂತಿತು. ಇಂಥ ಮಾತಿನ ಸಂಜೆ ಹೇಗೆ ಮುಗಿಯುತ್ತದೆಂದು ಅವಳಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಹಿಂತಿರುಗಿ ಗಂಡನ ಮುಖ ನೋಡಿದಳು.

ಹೊನ್ನೂರಪ್ಪನ ಕಿವಿ ಕೆಂಪಾಗಿತ್ತು. ಅವನು ಬುಟ್ಟಿಯನ್ನು ಸರಿಮಾಡಿಕೊಂಡ. “ಹೌದ್ರಪ್ಪ, ಹಿಡದೀನಿ” ಎಂದ. “ನಿಮ್ಮ ಮನಿ ಕೋಳಿಗೂ ಕಜ್ಜಿ ಇದ್ರ ತಗೊಂಡ್ ಬರ್ರಿ, ಹಿಡಿಯಾಕ ಕಲಿಸ್ತೀನಿ.” ಆಮೇಲೆ ಹೆಂಡತಿಯ ಕಡೆ ತಿರುಗಿ, “ನಡಿ ಹುಲಿಗೀ, ಬಿಸಿಲಿಗೆ ಕೋಳಿ ಬಾಯಿ ತೆಗ್ಯಾಕ ಹತ್ಯಾವು” ಎಂದ.

ಹುಲಿಗೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆಂದೇ ಜಗಲಿಯವರು ತಿಳಿದರು. ಅವಳು ನಗುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಆ ಬೀದಿಯಲ್ಲಿ ಅವಳು ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ನಗುತ್ತಲೇ ಮನೆಯವರೆಗೆ ನಡೆದು, ಕೀಲಿಕೈಗಾಗಿ ಗಂಡನ ಮುಂದೆ ಕೈ ಚಾಚಿದಳು.