ಅರಸ ಅರ್ಧವೇ ಕೇಳಿದ ಕತೆ

"ಕೇಳಿರಪ್ಪೋ ಕೇಳಿ, ಕಂಚಿನಕೋಟೆಯ ಪ್ರಜೆಗಳೇ! ಮುಂದೆ ಬರುವ ಕಾಲದ ಬಗ್ಗೆ, ಇನ್ನೂ ಹುಟ್ಟದ ಯಂತ್ರಗಳ ಬಗ್ಗೆ ಕಟ್ಟಿದ ಕತೆಗಳಿಗೆ ಈ ವರ್ಷವೂ ಅರಸರು ಚಿನ್ನದ ಕಡಗ ಕೊಡುತ್ತಾರೆ. ಬಂದ ಕತೆಗಳ ರಾಶಿಯಿಂದ ಐದನ್ನು ಹೆಕ್ಕಿ ಅರಸರ ಮುಂದಿಡಲು ಒಬ್ಬ ಆಯ್ಕೆಗಾರ ಬೇಕು. ಅರಸುಮಗಳು ಬಾಚಲದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಆಯ್ಕೆಗಾರನ ಪೀಠ, ಮೇಲೆ ಬೇಡಿದ ವರ. ಅವನನ್ನು ಯಾರೂ ಮುಟ್ಟುವಂತಿಲ್ಲ. ತಪ್ಪಿದವನ ತಲೆ ಉಳಿಯುವುದಿಲ್ಲ!"

ಡಂಗುರದವನು ಇಷ್ಟು ಸಾರಿ ಹೋದ ಮೇಲೆ ಬೀದಿಯಲ್ಲಿ ಒಬ್ಬರೂ ಪಿಟಕ್ಕೆನ್ನಲಿಲ್ಲ. ಯಾಕೆ ಅಂತೀರಾ? ಗೆದ್ದ ಕತೆಯನ್ನು ಮೆಚ್ಚಿ ಸುಮ್ಮನಾಗುವ ಆಸಾಮಿಯಲ್ಲ ಆ ಕಾಚರಸ. ಕತೆಯಲ್ಲಿದ್ದದ್ದನ್ನು ಊರಲ್ಲಿ ಕಟ್ಟಿಸಿಯೇ ಬಿಡುತ್ತಿದ್ದ! ಹಿಂದಿನ ವರ್ಷ ಸೂರ್ಯನಿಲ್ಲದ ಪಟ್ಟಣದ ಕತೆ ಗೆದ್ದಿತು. ಪೇಟೆಬೀದಿಗೆ ಉದ್ದಕ್ಕೂ ಕಲ್ಲುಚಪ್ಪಡಿ ಹೊದಿಸಿದ. ಈಗ ಮಟಮಟ ಮಧ್ಯಾಹ್ನ ದೀಪ ಹಿಡಿದು ಬದನೆಕಾಯಿ ಆರಿಸಬೇಕು. ಅವನಿಗೆ ಕತೆ ಓದಿ ಹೇಳುವ ಆಸ್ಥಾನದವರೂ ಭಲೇ ಕಿಲಾಡಿಗಳು. ಯಂತ್ರ, ಗಾಲಿ, ಅಚ್ಚರಿ ಇರುವ ಭಾಗವನ್ನಷ್ಟೇ ಓದುವುದು, ಅಳು ಬಂದ ಕಡೆಯೆಲ್ಲ ಹಾರಿಸಿಬಿಡುವುದು. ಅರಸರಿಗೆ ಬೇಸರವಾಗಬಾರದಂತೆ!

ಈ ಸಲ ಹೊನ್ನಕ್ಕ ಎನ್ನುವವಳು ಒಂದು ಕತೆ ಕಳಿಸಿದ್ದಳು. ಹುಟ್ಟಿದ ಕೂಸುಗಳನ್ನೆಲ್ಲ ತಾಯಂದಿರಿಂದ ಕಿತ್ತು ಗಾಜಿನ ಮನೆಯಲ್ಲಿಟ್ಟು, ಗಾಲಿಯಂತ್ರಗಳೇ ಹಾಲೂಡಿಸಿ ಬೆಳೆಸುವ ಊರಿನ ಕತೆ ಅದು. ಆಸ್ಥಾನದವರ ಬಾಯಿಂದ ಅದರ ಅರ್ಧ ಅರಸನ ಕಿವಿಗೆ ಬಿದ್ದಿದ್ದೇ ತಡ, ಐದು ಕತೆಗಳ ಆಯ್ಕೆಗೂ ಮೊದಲೇ ಕೋಟೆಯ ಹಿಂದೆ ಗಾಜು ಕರಗಿಸುವ ಕುಲುಮೆ ಹೊತ್ತಿಕೊಂಡಿತು. ಹೊನ್ನಕ್ಕನ ಮಡಿಲಲ್ಲಿ ಆಗಷ್ಟೇ ಹುಟ್ಟಿದ ಕೂಸಿತ್ತು.

"ಹೆದರಿ ಬರೆದೆ ಕಣೋ ಬೊಮ್ಮ," ಎಂದು ಅವಳು ತಮ್ಮನ ಮುಂದೆ ಅತ್ತಳು. "ಇಂಥದ್ದು ಎಂದೂ ಬರದಿರಲಿ ಅಂತ ಬರೆದೆ. ನನ್ನ ಕೂಸನ್ನ ನಾನೇ ಒಪ್ಪಿಸಿದ ಹಾಗಾಯಿತಲ್ಲೋ!"

ಬೊಮ್ಮ ಅರಮನೆಯ ಕುದುರೆಗಳಿಗೆ ಹುಲ್ಲು ಕೊಯ್ದು ಹಾಕುವವನು. "ನಾನು ಆಯ್ಕೆಗಾರನಾದರೆ ಆ ಕತೆಯನ್ನ ಐದರಲ್ಲಿ ಸೇರಿಸುವುದೇ ಇಲ್ಲ, ಸುಮ್ಮನಿರಕ್ಕ," ಎಂದ.

"ತಲೆ ಹೋದರೆ?"

ಬೊಮ್ಮ ಕುಡುಗೋಲನ್ನು ಮೂಲೆಗಿಟ್ಟು ಅರಮನೆಯ ಕಡೆ ಹೊರಟ. ಅವನಿಗೂ ಭಯವಾಗಿತ್ತು.

ಅರಮನೆಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಹೋದವರು ಮರಳಲಿಲ್ಲ. ಪ್ರತಿಸಲವೂ ಒಳಗೆ ನಗಾರಿ ಒಮ್ಮೆ ಬಡಿದುಕೊಳ್ಳುತ್ತಿತ್ತು, ಆಮೇಲೆ ಇನ್ನೊಬ್ಬನ ಹೆಸರು ಕೂಗುತ್ತಿದ್ದರು. ಸಾಹುಕಾರನ ಮಗ ಹೋದ, ಪಂಡಿತ ಹೋದ, ದಳವಾಯಿ ಹೋದ. ಆಮೇಲೆ ಬೊಮ್ಮನನ್ನು ಕರೆದರು.

ಬಾಚಲದೇವಿ ಅವನ ಮುಖ ನೋಡದೆಯೇ ಕೇಳಿದಳು: "ಒಬ್ಬ ನೆಂಟ ಬರುತ್ತಾನೆಂದು ಮನೆಮನೆಯಲ್ಲೂ ಹಾಲಿಗೆ ಹೆಪ್ಪು ಹಾಕಿಡುತ್ತಾರೆ, ಅಕ್ಕಿ ನೆನೆಹಾಕುತ್ತಾರೆ. ಅವನು ಹೊಸಿಲು ದಾಟಿದ ಕೂಡಲೇ ಅವನ ಹೆಸರೇ ಬೇರೆಯಾಗುತ್ತದೆ. ಯಾರವನು?"

ಸಾಹುಕಾರನ ಮಗ ಇದಕ್ಕೆ 'ಸಾವು' ಎಂದಿದ್ದ, ಪಾಪ.

"ನಾಳೆ, ತಾಯಿ," ಎಂದ ಬೊಮ್ಮ. "ಒಳಗೆ ಬಂದ ಮೇಲೆ ಅವನನ್ನ ಇವತ್ತು ಅಂತೀವಿ."

"ಇನ್ನೊಬ್ಬಳಿದ್ದಾಳೆ. ಕೈಯಿಲ್ಲದೆ ಬಾಗಿಲ ಅಗುಳಿ ಹಾಕಿಸುತ್ತಾಳೆ. ಕಳ್ಳನಿಗಿಂತ ಮುಂಚೆ ಮನೆಗೆ ಬರುತ್ತಾಳೆ, ಕಳ್ಳ ಬಾರದಿದ್ದರೂ ಬರುತ್ತಾಳೆ. ಯಾರವಳು?"

ಪಂಡಿತ 'ರಾತ್ರಿ' ಎಂದು ಹೇಳಿ ಕೆಟ್ಟಿದ್ದ. ಬೊಮ್ಮನಿಗೆ ಅಕ್ಕನ 'ಹೆದರಿ ಬರೆದೆ' ಎಂಬ ಮಾತು ನೆನಪಾಯಿತು. "ಭಯ," ಎಂದ. "ಈಗ ನಮ್ಮನೆಯಲ್ಲೇ ಕೂತಿದ್ದಾಳೆ."

ಬಾಚಲದೇವಿ ತಲೆಯೆತ್ತಿ ಅವನನ್ನು ನೋಡಿದಳು. "ದಾರಿಯಲ್ಲಿ ಹಾಳುಬಾವಿಯಿದೆ ಎಂದು ಒಬ್ಬಳು ಅದರ ಚಿತ್ರ ಬರೆದು ಊರಬಾಗಿಲಿಗೆ ತೂಗುಹಾಕಿದಳು. ನೋಡಿದವರೆಲ್ಲ ಬಳಸಿಕೊಂಡು ಹೋದರು. ಒಬ್ಬ ಮಾತ್ರ ಆಹಾ, ಎಂಥ ಬಾವಿ ಎಂದು ಅದರೊಳಗೇ ಮಂಚ ಹಾಕಿಸಿ, ಊರವರನ್ನೂ ಬಂದು ಮಲಗಿ ಎಂದ. ಬರೆದವಳು ಯಾರು? ಮಂಚ ಹಾಕಿಸಿದವನು ಯಾರು?"

ಇದರ ಉತ್ತರ ದಳವಾಯಿಗೆ ಚೆನ್ನಾಗಿಯೇ ಗೊತ್ತಿತ್ತು. ಸಿಂಹಾಸನದಲ್ಲಿ ಕೂತಿದ್ದ ಅರಸನ ಕಡೆ ನೋಡಿದ, ಗೊತ್ತಿಲ್ಲ ಎಂದ. ಹೇಳಿದರೂ ತಲೆ ಹೋದೀತು, ಹೇಳದಿದ್ದರೂ ಹೋಗುತ್ತದೆ ಎನ್ನುವಾಗ ಮನುಷ್ಯ ಮರ್ಯಾದೆಯಿಂದ ಸಾಯಲು ನೋಡುತ್ತಾನೆ.

ಬೊಮ್ಮ ಬಾಗಿ ಕೈಮುಗಿದ. "ಬರೆದವಳು ಮುಂದಿನ ಕಾಲದ ಕತೆ ಕಟ್ಟುವವಳು, ತಾಯಿ. ಎಚ್ಚರವಾಗಿರಲಿ ಅಂತ ಬರೆದಳು. ಮಂಚ ಹಾಕಿಸಿದವರು... ನಮ್ಮ ಅರಸರು."

ಕಾಚರಸ ಧಡಕ್ಕನೆ ಎದ್ದು ಕತ್ತಿ ಹಿರಿದ. ನಗಾರಿಯವನು ಕೋಲೆತ್ತಿದ.

"ಉತ್ತರ ಸರಿ, ಅಪ್ಪಾಜಿ," ಎಂದಳು ಬಾಚಲದೇವಿ. "ಅವನನ್ನು ಮುಟ್ಟಕೂಡದು ಎಂದು ಸಾರಿಸಿದವರು ನೀವೇ."

ಆ ಹುಡುಗಿಯ ಮೇಲೂ ನನಗೆ ಸಿಟ್ಟಿದೆ. ತಂದೆಗೆ ಹೇಳಬೇಕಾದದ್ದನ್ನು ಬೇರೆಯವರ ತಲೆ ಒಡ್ಡಿ ಹೇಳಿಸುವುದೇ? ಅವಳೇ ಎಷ್ಟೋ ಸಲ ಹೇಳಿ ಸೋತಿದ್ದಳಂತೆ. ಒಗಟಿಗೆ ತಲೆದಂಡ ಗಂಟುಹಾಕಿದವನು ಅರಸನಂತೆ. ಆದರೂ ಸತ್ತವರು ಸತ್ತರಲ್ಲ.

ಆಡಿದ ಮಾತಿಗೆ ತಪ್ಪಲಾರದೆ ಅರಸ ಕೂತ. "ವರ ಬೇಡು."

ಬೊಮ್ಮ ಯೋಚಿಸಿದ. ಅಕ್ಕನ ಕತೆಯನ್ನು ಬಿಟ್ಟುಬಿಟ್ಟರೂ ಅರಸನ ತಲೆಯಲ್ಲಿ ಅದರ ಅರ್ಧ ಉಳಿದೇ ಇತ್ತು, ಕುಲುಮೆಯೂ ಉರಿಯುತ್ತಿತ್ತು. "ಗಾಜಿನ ಮನೆಯ ಕತೆಯನ್ನೂ ಐದರಲ್ಲಿ ಇಡುತ್ತೇನೆ, ಬುದ್ಧಿ. ನನ್ನ ವರ ಇಷ್ಟೇ. ಐದನ್ನೂ ಬರೆದವರ ಬಾಯಿಂದಲೇ ಪೂರ್ತಿ ಕೇಳಿ. ಆಮೇಲೆ ನಿಮ್ಮಿಷ್ಟ."

ಬೊಮ್ಮ ಐದು ಕತೆ ಹೆಕ್ಕಿದ ಮೇಲೆ ಮೊದಲಿಗೆ ಹೊನ್ನಕ್ಕ ಕೂಸನ್ನು ಅವಚಿಕೊಂಡು ಬಂದಳು. ಗಾಲಿಗಳ ಮಾತು ಬಂದಾಗ ಅರಸ ತಲೆದೂಗಿದ. ಅವಳು ನಿಲ್ಲಿಸದೆ ಹೇಳುತ್ತ ಹೋದಳು. ಕಡೆಯಲ್ಲಿ ಒಬ್ಬ ತಾಯಿ ಬಹಳ ವರ್ಷಗಳ ಮೇಲೆ ಗಾಜಿನ ಮನೆಗೆ ಹೋಗಿ ಮಗಳ ಹೆಸರು ಹಿಡಿದು ಕರೆಯುತ್ತಾಳೆ. ಮಗಳಿಗೆ ಕಿವಿ ಚೆನ್ನಾಗಿಯೇ ಇದೆ, ಆದರೆ ಆ ದನಿ ಯಾರದೆಂದು ಅವಳಿಗೆ ಗೊತ್ತಿಲ್ಲ. ಗಾಲಿಯ ಕಡೆಯೇ ಮುಖಮಾಡಿ ಕೂತಿರುತ್ತಾಳೆ.

ಅರಸ ತಲೆದೂಗುವುದನ್ನು ನಿಲ್ಲಿಸಿದ. ಉಳಿದ ನಾಲ್ಕನ್ನೂ ಕೊನೆಯವರೆಗೆ ಕೇಳಿದ. ಆಮೇಲೆ ಕುಲುಮೆ ಆರಿಸಲು ಹೇಳಿದ. ಕಡಗವನ್ನು ಹೊನ್ನಕ್ಕನ ಕೈಗೆ ತಾನೇ ತೊಡಿಸಿದ, ಬೊಮ್ಮನನ್ನು ಆಯ್ಕೆಗಾರನ ಪೀಠದಲ್ಲಿ ಕೂರಿಸಿದ. ಅಕ್ಕ ತಮ್ಮ ಇಬ್ಬರೂ ಗಳಗಳನೆ ಅತ್ತರು. ಕೂಸಿಗೆ ಮಾತ್ರ ಒಳ್ಳೆ ನಿದ್ದೆ.

ಸಭೆ ಮುಗಿಯಿತು. ಬಾಚಲದೇವಿ ಎದ್ದು, ಸತ್ತವರನ್ನು ಮಲಗಿಸಿದ್ದ ಹಿತ್ತಿಲ ಕಡೆ ನಡೆದಳು.

"ಬಾಚಲೆ," ಎಂದು ಅರಸ ಕರೆದ. "ಮಗಳೇ."

ಅವಳಿಗೆ ಕೇಳಿಸಿತು. ತಿರುಗಲಿಲ್ಲ.