ಗಾಜಿಗಂಟಿದ ಬೆಳ್ಳಿ

ಧಾರವಾಡದ ಕಡೆ ಇಂದುಮತಿ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕಿ ಇದ್ದರು. ಚಿನ್ನದ ಕೆಲವೇ ಪರಮಾಣುಗಳನ್ನು ಒಂದು ಗೊಂಚಲಾಗಿ ಕಟ್ಟುವುದು ಅವರ ಕೆಲಸ. ಗೊಂಚಲು ಕಣ್ಣಿಗೆ ಕಾಣದಷ್ಟು ಸಣ್ಣದು. ಅಂಥವು ತುಂಬಿದ ದ್ರಾವಣವನ್ನು ನೇರಳಾತೀತ ದೀಪದ ಕೆಳಗೆ ಹಿಡಿದರೆ ಮಂಕಾಗಿ, ಕೆಂಪಗೆ ಹೊಳೆಯುತ್ತಿತ್ತು. ಅದು ಢಾಳಾಗಿ ಬೆಳಗಬೇಕು ಎಂಬ ಆಸೆಯಲ್ಲೇ ಅವರ ತಲೆ ನರೆತಿತ್ತು.

ಬೆಳ್ಳಿಯ ಕೆಲಸವನ್ನು ಅವರು ಶಿಷ್ಯ ಫಕ್ಕೀರಪ್ಪನಿಗೆ ಬಿಟ್ಟಿದ್ದರು, ಉಳಿದದ್ದನ್ನು ಬಡಿಸಿದ ಹಾಗೆ. ಇಬ್ಬರಿಗೂ ಅವೇ ಫ್ಲಾಸ್ಕುಗಳು. ಬಳಸಿದ ಮೇಲೆ ಚಿನ್ನವನ್ನೂ ಕರಗಿಸುವ ಆಕ್ವಾ ರೀಜಿಯಾ ಎಂಬ ಆಮ್ಲದಲ್ಲಿ ತೊಳೆಯಬೇಕು. ಈ ನಿಯಮ ಮಾಡಿದವರೂ ಇಂದುಮತಿಯವರೇ.

ಒಂದು ದಿನ ಅವರ ಚಿನ್ನದ ದ್ರಾವಣ ಕೆಂಡದ ಹಾಗೆ ಬೆಳಗಿತು. ಅವರಿಗೆ ಹಿಗ್ಗೋ ಹಿಗ್ಗು. ಅಪ್ಪಟ ಚಿನ್ನವೇ ಹೀಗೆ ಬೆಳಗುತ್ತದೆ ಎಂದು ದೊಡ್ಡ ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿ ಬಂದರು. ಬೇರೆಯವರು ಮಾಡಿ ನೋಡಿದರೆ ಬರೀ ಮಂಕು. ಮತ್ತೆ ಪರೀಕ್ಷಿಸಿದಾಗ ಇಂದುಮತಿಯವರ ಗೊಂಚಲಿನಲ್ಲಿ ಬೆಳ್ಳಿ ಸೇರಿಕೊಂಡಿದ್ದು ಗೊತ್ತಾಯಿತು. ನಾಲ್ಕು ಜನರ ಮುಂದೆ ಅವರ ಮಾನ ಹೋಯಿತು.

ಮಾನ ಹೋದವರಿಗೆ ಒಬ್ಬ ತಪ್ಪಿತಸ್ಥ ಬೇಕಲ್ಲ. ಫಕ್ಕೀರಪ್ಪ ಫ್ಲಾಸ್ಕನ್ನು ಸರಿಯಾಗಿ ತೊಳೆಯದೆ ಬೆಳ್ಳಿಯ ಕೊಳೆ ಉಳಿಸಿದ ಎಂದು ಅವರು ಎಲ್ಲರೆದುರು ಕೂಗಾಡಿದರು.

“ಮೇಡಂ, ನಾ ತೊಳದೀನ್ರಿ,” ಎಂದ ಅವನು.

ಅವರು ನಂಬಲಿಲ್ಲ. ಬೆಳಗುತ್ತಿದ್ದ ದ್ರಾವಣವನ್ನು ಚೆಲ್ಲಿಸಿದರು, ಅವನನ್ನು ಪ್ರಯೋಗಾಲಯದಿಂದ ಹೊರಗೆ ಹಾಕಿದರು. ಅವನ ಸಂಶೋಧನೆ ಅರ್ಧಕ್ಕೇ ನಿಂತಿತು. ಅವನು ಊರಿಗೆ ಹೋಗಿ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ.

ಎಷ್ಟೋ ಕಾಲದ ಮೇಲೆ ದೂರದ ಪ್ರಯೋಗಾಲಯವೊಂದರಿಂದ ಸುದ್ದಿ ಬಂತು. ಅಲ್ಲಿ ಬೇಕೆಂದೇ ಚಿನ್ನದ ಗೊಂಚಲಿಗೆ ಬೆಳ್ಳಿ ಬೆರೆಸಿದ್ದರು. ಬೆಳ್ಳಿಯ ಪರಮಾಣು ತನ್ನ ಜಾಗದಲ್ಲಿ ಕೂತರೆ ಗೊಂಚಲು ಗಟ್ಟಿಯಾಗುತ್ತದೆ, ಹಲವು ಪಟ್ಟು ಬೆಳಗುತ್ತದೆ ಎಂದು ಲೋಕವೆಲ್ಲ ಹೊಗಳುತ್ತಿತ್ತು. ಇಂದುಮತಿಯವರಿಗೆ ಫಕ್ಕೀರಪ್ಪನ ಮಾತು ನೆನಪಾಯಿತು. ಬೆಳ್ಳಿ ಹಿಡಿದ ಹಳೆಯ ಫ್ಲಾಸ್ಕೊಂದನ್ನು ತೆಗೆದು, ತಾವೇ ಆಕ್ವಾ ರೀಜಿಯಾದಲ್ಲಿ ತೊಳೆದು, ಕಿಟಕಿಯ ಬಿಸಿಲಿಗೆ ಹಿಡಿದರು. ಗಾಜಿನ ಒಳಗೆ ತೆಳ್ಳಗೆ ಬಿಳಿಯ ಪೊರೆ ಉಳಿದಿತ್ತು. ಆ ಆಮ್ಲ ಚಿನ್ನವನ್ನು ಕರಗಿಸುತ್ತದೆ, ಬೆಳ್ಳಿಯನ್ನು ಬಿಳಿ ಪೊರೆ ಮಾಡಿ ಗಾಜಿಗೇ ಅಂಟಿಸಿಬಿಡುತ್ತದೆ. ಅಂದು ಅವರ ಚಿನ್ನಕ್ಕೆ ಸೇರಿದ್ದು ಆ ಪೊರೆಯ ಬೆಳ್ಳಿಯೇ. ಇದು ಅವರು ಓದಿಯೇ ಇದ್ದ ಪಾಠ. ನಿಯಮ ಮಾಡುವಾಗ ಚಿನ್ನವೊಂದೇ ತಲೆಯಲ್ಲಿತ್ತು.

ಅವರು ಫಕ್ಕೀರಪ್ಪನಿಗೆ ಫೋನ್ ಮಾಡಿ ಅತ್ತರು. ತಪ್ಪು ತಮ್ಮದೇ, ಬಂದು ಕೆಲಸ ಮುಗಿಸು ಎಂದರು. ವಿಶ್ವವಿದ್ಯಾಲಯದಲ್ಲಿ ತನ್ನ ಸಂಶೋಧನೆಯ ನೋಂದಣಿ ಎಂದೋ ರದ್ದಾಗಿದೆ, ಈಗ ಯಾರೂ ಸೇರಿಸಿಕೊಳ್ಳುವುದಿಲ್ಲ ಎಂದು ಅವನು ಮೆಲ್ಲಗೆ ಹೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅವರಿಗೆ ಅದರಿಂದಲೇ ಹೆಚ್ಚು ನೋವಾಯಿತು.

“ಮೇಡಂ, ನಾ ತೊಳದೀನಿ ಅಂದಾಗ ನೀವು ಆ ಗಾಜು ಒಮ್ಮಿ ನೋಡಿದ್ರ ಸಾಕಿತ್ರಿ,” ಎಂದ. ಆಮೇಲೆ ಅಂಗಡಿಗೆ ಯಾರೋ ಬಂದರೆಂದು ಫೋನ್ ಇಟ್ಟ.

ನೀತಿ: ಒಬ್ಬರನ್ನು ತಪ್ಪಿತಸ್ಥರೆನ್ನುವ ಮೊದಲು ನಾವು ಮಾಡಿದ ನಿಯಮವನ್ನು ಪರೀಕ್ಷಿಸಬೇಕು. ಕೊಳೆಯೆಂದು ನಾವು ಚೆಲ್ಲಿದ್ದೇ ನಮ್ಮ ಬೆಳಕಾಗಿದ್ದಿರಬಹುದು. ಬೆಳಕನ್ನು ಮತ್ತೆ ಮಾಡಿಕೊಳ್ಳಬಹುದು, ಹಾಳು ಮಾಡಿದ ಬದುಕನ್ನು ಮಾಡಿಕೊಡಲಾಗದು.