ಕೆಳಗಿನ ಎರಡು ಸಾಲು

"ಗುರುಗಳೇ, ಇಷ್ಟು ಜನ ಮೆಚ್ಚಿಕೊಂಡರೂ ನಾನು ಯಾಕೆ ಒಂಟಿಯಾಗಿದ್ದೇನೆ?"

ಕೇಳಿದವನು ಪ್ರವಚನ ಹೇಳುವ ಶಿಷ್ಯ, ಮುರಿಗೆಪ್ಪ. ಅವನ ಮಾತು ಕೇಳಲು ಸುತ್ತಲಿನ ಊರುಗಳಿಂದ ಜನ ಬರುತ್ತಿದ್ದರು. ಆದರೆ ಸಭೆ ಮುಗಿಸಿ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಎದೆ ಬರಿದಾಗುತ್ತದೆ ಎಂದ. ಮತ್ತೆ ಹೇಳಿದ: "ಒಬ್ಬ ಮುದುಕನ ಕಾಟವಿತ್ತು. ಪ್ರತಿ ಸಲವೂ ಸಭೆ ಮುಗಿದೊಡನೆ ಹಿಂದೆಯೇ ಬಂದು, 'ಬುದ್ಧೀ, ತಾಯಿ ವಿಚಾರ ಬಂದಾಗ ಒಂದು ಗಳಿಗೆ ಮಾತು ನಿಲ್ಲಿಸಿಬಿಟ್ರಲ್ಲ, ಯಾಕೆ?' ಎಂದು ಅದೊಂದನ್ನೇ ಕೇಳುತ್ತಿದ್ದ. ಹುಳುಕು ಹುಡುಕುವ ಜನ. ಬಾಗಿಲಲ್ಲೇ ತಡೆಯಲು ಹೇಳಿದೆ. ಈಗ ಅವನೂ ಬರುವುದಿಲ್ಲ. ಆದರೂ ನೆಮ್ಮದಿಯಿಲ್ಲ."

ಗುರುಗಳು "ಕೂತುಕೋ" ಎಂದರು. ಒಂದು ಕತೆ ಹೇಳಿದರು.

ಒಬ್ಬ ಹೆಂಗಸಿದ್ದಳು. ಅವಳಿಗೆ ಒಬ್ಬಳೇ ತಂಗಿ. ಇಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಬಾಳಿದರು. ಒಂದು ದಿನ ತಂಗಿ ತೀರಿಕೊಂಡಳು.

ತಂಗಿಯ ಫೋಟೋಗಳು ಉಳಿದಿದ್ದವು. ಅವನ್ನು ಕಂಪ್ಯೂಟರಿನಲ್ಲಿ ಹಾಳೆ ಹಾಳೆಯಾಗಿ ಜೋಡಿಸುವುದನ್ನು ಹೆಂಗಸು ಕಲಿತಳು. ಹಿಂದೆಲ್ಲ ಹಾಳೆಗೆ ಫೋಟೋ ಅಂಟಿಸಿ, ಪಕ್ಕದಲ್ಲಿ ನಾಲ್ಕು ಮಾತು ಬರೆದು ಇಡುತ್ತಿದ್ದರಲ್ಲ, ಅದೇ ಕೆಲಸ. ಗೋಂದು ಬೇಡ, ಅಷ್ಟೆ. ಹಾಗೆ ಹುಬ್ಬೇರಿಸಬೇಡ, ಮಠಕ್ಕೂ ಕಂಪ್ಯೂಟರ್ ಬಂದು ಎಷ್ಟೋ ವರ್ಷವಾಯಿತು. ಅವಳು ಫೋಟೋ ಇಟ್ಟು, ತಂಗಿಯ ಸೀರೆಯ ಅಂಚಿನ ಚಿತ್ರವನ್ನೇ ಸುತ್ತ ಚೌಕಟ್ಟು ಮಾಡಿ, ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಬರೆಯುತ್ತಿದ್ದಳು. ಬೇರೆ ಯಾರಿಗೂ ಹೇಳಲಾಗದ್ದನ್ನು ಅಲ್ಲಿ ಬರೆಯುತ್ತಿದ್ದಳು. ಒಂದು ಹಾಳೆಯ ಕೆಳಗೆ ಹೀಗಿತ್ತು: 'ಇವತ್ತೂ ಇಬ್ಬರಿಗಾಗುವಷ್ಟು ಅಕ್ಕಿ ಹಾಕಿಬಿಟ್ಟೆ ಕಣೇ. ನಿನ್ನ ಪಾಲು ಚೆಲ್ಲೋಕೆ ಮನಸ್ಸು ಬರಲಿಲ್ಲ.'

ಯಾರಾದರೂ ಒಬ್ಬರು ಇದನ್ನು ಓದಲಿ ಎಂಬುದು ಅವಳ ಆಸೆ. ಬೇರೆ ಆಸೆ ಇರಲಿಲ್ಲ.

ಇಂಥ ಹಾಳೆಗಳನ್ನು ಮಾಡುವವರ ಗುಂಪೊಂದು ಇಂಟರ್ನೆಟ್ಟಿನಲ್ಲಿತ್ತು. ಅಲ್ಲಿ ಹಾಕಬೇಕಾದರೆ ಹಾಳೆಯನ್ನು ಚಿಕ್ಕದು ಮಾಡಬೇಕು. ಚಿಕ್ಕದು ಮಾಡಿದರೆ ಚಿತ್ರ ಮಂಕಾಗುತ್ತದೆ. ಮಂಕಾದದ್ದನ್ನು ಶಾರ್ಪ್ ಮಾಡಿದರೆ ಅಂಚುಗಳು ಎದ್ದು ಕಾಣುತ್ತವೆ. ಅವಳು ಹಾಗೆಯೇ ಮಾಡಿ ಹಾಕಿದಳು. ಜನ ಮೆಚ್ಚಿದರು. ಬಣ್ಣ ಚೆನ್ನಾಗಿದೆ ಎಂದರು, ಸೀರೆಯ ಅಂಚು ಚೆನ್ನಾಗಿದೆ ಎಂದರು. ಚಿಕ್ಕದು ಮಾಡುವಾಗ ಕೆಳಗಿನ ಅಕ್ಷರಗಳು ಬೂದು ಗೀಟುಗಳಾಗಿದ್ದವು. ಅದನ್ನು ಯಾರೂ ಗಮನಿಸಲಿಲ್ಲ.

ಒಬ್ಬಳು ಗಮನಿಸಿದಳು. ಯಾವ ಊರಿನವಳೋ ಏನೋ. 'ಅಕ್ಕಾ, ಕೆಳಗೆ ಏನೋ ಬರೆದಿದ್ದೀರಿ, ಓದೋಕೆ ಆಗ್ತಿಲ್ಲ' ಎಂದು ಬರೆದಳು.

ಹೆಂಗಸು ಕಾದದ್ದು ಇದಕ್ಕೇ. ಆದರೆ ಅಷ್ಟು ಹೊತ್ತಿಗೆ ಹೊಗಳಿಕೆಯ ರುಚಿ ಹತ್ತಿಬಿಟ್ಟಿತ್ತು. ಆಕೆ ತನ್ನ ಕೆಲಸದಲ್ಲಿ ಕುಂದು ತೋರಿಸಿದಳು ಎಂದೇ ಅವಳಿಗೆ ಅನ್ನಿಸಿತು. ಚಿತ್ರವನ್ನು ಇನ್ನಷ್ಟು ಶಾರ್ಪ್ ಮಾಡಿ ಮತ್ತೆ ಹಾಕಿದಳು. ತಂಗಿಯ ಕೂದಲು ತಂತಿಯಂತಾಯಿತು, ಕೆನ್ನೆಯ ಸುತ್ತ ಬಿಳಿ ಗೆರೆ ಎದ್ದಿತು. ಅಕ್ಷರ ಮಾತ್ರ ಕಾಣಲಿಲ್ಲ. ಅಳಿದುಹೋದ ಅಕ್ಷರ ತೀಡಿದರೆ ಬರುತ್ತದೆಯೇ? ಆಕೆ ಮತ್ತೆ ಕೇಳಿದಳು: 'ಇನ್ನೂ ಗೊತ್ತಾಗ್ತಿಲ್ಲ ಅಕ್ಕಾ. ಏನು ಬರೆದಿದ್ರಿ, ಹೇಳ್ತೀರಾ?'

ಎಲ್ಲರ ಎದುರು ಎರಡು ಸಲ! ಹೆಂಗಸಿಗೆ ಮುಖಭಂಗವಾಯಿತು. ಸಾಲುಗಳನ್ನು ತೆಗೆದುಹಾಕಿ ಹಾಳೆಯನ್ನು ಹೊಸದಾಗಿ ಹಾಕಿದಳು. ಆಕೆಯ ಪ್ರಶ್ನೆಗಳನ್ನೂ ಅಳಿಸಿದಳು. ಈಗ ಹಾಳೆ ಚೊಕ್ಕವಾಗಿ ಕಂಡಿತು, ಮೆಚ್ಚುಗೆ ಇಮ್ಮಡಿಯಾಯಿತು. ಮುಂದಿನ ಹಾಳೆಗಳಲ್ಲಿ ಅವಳು ಬರೆಯುವುದನ್ನೇ ಬಿಟ್ಟಳು.

ದಿನಗಳು ಕಳೆದವು. ಒಂದು ಮಧ್ಯಾಹ್ನ ಅನ್ನ ಮತ್ತೆ ಹೆಚ್ಚಾಯಿತು. ತಟ್ಟೆಯ ಮುಂದೆ ಕೂತಳು. ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಮೆಚ್ಚಿದವರ ಹೆಸರುಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಇವರಲ್ಲಿ ಯಾರ ಹತ್ತಿರ ಹೋಗಿ ಮಿಕ್ಕ ಅನ್ನದ ಮಾತು ಆಡುವುದು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗೆ ಅವಳಿಗೆ ಆ ಪ್ರಶ್ನೆ ಕೇಳಿದವಳು ನೆನಪಾದಳು. ಹುಡುಕಿದಳು. ಏನೆಂದು ಹುಡುಕುವುದು? ಹೆಸರನ್ನು ಅವಳು ಸರಿಯಾಗಿ ನೋಡಿರಲೇ ಇಲ್ಲ. ಅಳಿಸಿದ ಪ್ರಶ್ನೆಯ ಜೊತೆಗೆ ಅದೂ ಹೋಗಿತ್ತು.

ಮೊದಲಿನ ದೊಡ್ಡ ಹಾಳೆ ಅವಳ ಬಳಿ ಹಾಗೇ ಇತ್ತು. ಅದನ್ನೇ ಮತ್ತೆ ಚಿಕ್ಕದು ಮಾಡಿ, ಬೂದು ಗೀಟುಗಳ ಸಮೇತ ಗುಂಪಿನಲ್ಲಿ ಹಾಕಿದಳು. ಆಕೆ ಬಂದಾಳು, ಇನ್ನೊಂದು ಸಲ ಕೇಳಿಯಾಳು ಎಂದು ಕಾದಳು. ಜನ ಬಂದರು, ಮೆಚ್ಚಿದರು, ಹೋದರು. ಓದೋಕೆ ಆಗ್ತಿಲ್ಲ ಎಂದು ಯಾರೂ ಹೇಳಲಿಲ್ಲ. ಹೆಂಗಸು ಅಷ್ಟು ಹೊಗಳಿಕೆಯನ್ನು ಎದುರಿಗಿಟ್ಟುಕೊಂಡು ಒಬ್ಬಳೇ ಅತ್ತಳು.

ಗುರುಗಳು ಕತೆ ನಿಲ್ಲಿಸಿದರು.

ಮುರಿಗೆಪ್ಪನಿಗೆ ಕೋಪವೇ ಬಂದಿತ್ತು. "ಎಂಥ ದಡ್ಡ ಹೆಂಗಸು ಗುರುಗಳೇ! ಅಷ್ಟು ಕಕ್ಕುಲಾತಿಯಿಂದ ಕೇಳಿದವಳಿಗೆ ಆ ಎರಡು ಸಾಲು ಹೇಳಿದ್ದರೆ ಆಗುತ್ತಿತ್ತು. ಹೋಗಲಿ, ಅವಳ ಹೆಸರನ್ನಾದರೂ ನೋಡಬಾರದಿತ್ತೇ?"

ಗುರುಗಳು ಅವನ ಮುಖವನ್ನೇ ನೋಡಿದರು.

"ಆ ಮುದುಕನ ಹೆಸರೇನು?"